ಟೂ ಸ್ಟ್ರೋಕಾಚಾರ್ಯರು

ತುಮಕೂರು ರಸ್ತೆಯ ಎಡಬಲದಲ್ಲಿ ಯಾವ ಬಡಾವಣೆ ಹೊಕ್ಕರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ದಾಸರಹಳ್ಳಿಯಲ್ಲಿ ಒಬ್ಬರಿದ್ದಾರೆ. ಎಂಟನೇ ಮೈಲಿಯಲ್ಲಿ ಇಬ್ಬರಿದ್ದಾರೆ. ಅವರಿಬ್ಬರಿಗೂ ಮಾತುಕತೆ ನಿಂತು ಬಹಳ ಕಾಲವಾಯಿತು, ಜಗಳದ ಮೂಲ ಒಂದು ಕಾರ್ಬ್ಯುರೇಟರ್. ಆದರೆ ಈ ತಳಿಯ ಅಪ್ಪಟ ರೂಪ ನೋಡಬೇಕೆಂದರೆ ನಾಗಸಂದ್ರಕ್ಕೇ ಬರಬೇಕು. ಇದಕ್ಕೆ ಭೂಗೋಳವೇ ಕಾರಣ. ನಾಗಸಂದ್ರದ ಒಂದು ಬದಿಗೆ ಪೀಣ್ಯ, ಅಲ್ಲಿ ಲೇತು, ಬೋರಿಂಗ್ ಮಷಿನ್ನು, ವೆಲ್ಡಿಂಗು. ಇನ್ನೊಂದು ಬದಿಗೆ ಹೆಸರಘಟ್ಟದ ದಾರಿ, ಅಲ್ಲಿ ಬೇಕಾದಷ್ಟು ಕೆಮ್ಮಣ್ಣು. ಬೈಕನ್ನು ಹಾಳುಮಾಡಲು ಮತ್ತು ರಿಪೇರಿ ಮಾಡಲು ಇಷ್ಟು ಅನುಕೂಲ ಇರುವ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ. ಹೀಗಾಗಿ ಟೂ ಸ್ಟ್ರೋಕಾಚಾರ್ಯರು ಇಲ್ಲಿ ತಾವಾಗಿಯೇ ಬೆಳೆಯುತ್ತಾರೆ.

ಗುರುತು ಹಿಡಿಯುವುದು ಸುಲಭ. ವಯಸ್ಸು ಐವತ್ತೈದರ ಆಚೆ. ಪೀಣ್ಯದ ಯಾವುದಾದರೂ ಟೂಲ್ ರೂಮಿನಲ್ಲಿ ಜನ್ಮವೆಲ್ಲ ಮೈಕ್ರೋಮೀಟರ್ ಹಿಡಿದ ಕೈ. ಉಗುರಿನ ಸಂದಿಯ ಗ್ರೀಸು ಮಗಳ ಮದುವೆಯ ಧಾರೆಯ ನೀರಿಗೂ ಹೋಗಲಿಲ್ಲ. ಮನೆಯ ಕೆಳಗೆ ಕಾರಿಗೆಂದು ಬಿಟ್ಟ ಜಾಗವಿದೆ, ಆದರೆ ಕಾರು ಬೀದಿಯಲ್ಲಿ ಬಿಸಿಲು ಮಳೆ ಉಣ್ಣುತ್ತಿರುತ್ತದೆ. ಒಳಗೆ ಹೆಂಡತಿಯ ಹಳೆಯ ಕಾಟನ್ ಸೀರೆ ಹೊದ್ದು ನಿಂತಿರುವುದು ಒಂದು ಯಮಹಾ ಆರ್‌ಎಕ್ಸ್ 100. ಹೆಸರಿಗೆ ಮಾತ್ರ ಆರ್‌ಎಕ್ಸ್. ಹ್ಯಾಂಡಲ್ ಅಗಲವಾಗಿದೆ, ಮುಂದಿನ ಮಡ್‌ಗಾರ್ಡ್ ಚಕ್ರದಿಂದ ಒಂದು ಗೇಣು ಮೇಲಕ್ಕೆ ಹತ್ತಿದೆ, ಸೈಲೆನ್ಸರ್ ಸೀಟಿನ ಪಕ್ಕಕ್ಕೆ ಬಂದು ಕೂತಿದೆ, ಟೈರಿನ ತುಂಬ ದಪ್ಪ ದಪ್ಪ ಬಟನ್ನು. ಅಂದರೆ ಡರ್ಟ್ ಬೈಕು. ಅದರ ಹಿಂದೆ ಗೋಡೆಗೆ ಒರಗಿಸಿದ ಮೂರು ಗೋಣಿಚೀಲಗಳು. ಅವುಗಳಲ್ಲಿ ಇರುವುದೂ ಒಂದು ಬೈಕೇ: 125 ಸಿಸಿಯ ಜಪಾನಿ ಮೋಟೊಕ್ರಾಸ್ ಯಂತ್ರ, ಬಿಡಿ ಬಿಡಿಯಾಗಿ. ಅದು ಎಲ್ಲಿಂದ ಬಂತು, ಹೇಗೆ ಬಂತು ಎಂದು ಕೇಳಿದರೆ ಆಚಾರ್ಯರು ಈ ಸಲದ ಮಳೆಯ ಬಗ್ಗೆ ಮಾತಾಡುತ್ತಾರೆ.

ಇವರನ್ನು ಕೆಣಕಲು ಒಂದೇ ಪ್ರಶ್ನೆ ಸಾಕು. ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗನೊಬ್ಬ ಚೆಂಡು ಹುಡುಕಿಕೊಂಡು ಗೇಟಿನೊಳಗೆ ಬಂದು, ಸೀರೆ ಸರಿಸಿ ನೋಡಿ, "ಅಂಕಲ್, ಹಳೇ ಬೈಕಾ?" ಅನ್ನುತ್ತಾನೆ.

ಈ ಮೂರು ಪದಗಳಲ್ಲಿ ಆಚಾರ್ಯರಿಗೆ ಒಪ್ಪಿಗೆಯಾಗುವುದು ಬೈಕ್ ಒಂದೇ.

"ಹಳೇದು ಅಂದ್ರೆ ಏನಪ್ಪಾ? ಯಾರ ಲೆಕ್ಕದಲ್ಲಿ ಹಳೇದು?" ಎಂದು ಶುರುವಾದರೆ ಹುಡುಗನ ಟೀಮು ಆಲ್‌ಔಟ್ ಆದರೂ ಉತ್ತರ ಮುಗಿಯುವುದಿಲ್ಲ. ನನಗೆ ಕಂಡಂತೆ ಪ್ರಶ್ನೆ ನಿಜಕ್ಕೂ ಕಷ್ಟದ್ದೇ. ಎತ್ತಿಗೆ ಹಲ್ಲು ನೋಡಿ ವಯಸ್ಸು ಹೇಳಬಹುದು. ಟೂ ಸ್ಟ್ರೋಕ್ ಡರ್ಟ್ ಬೈಕಿನ ಯಾವ ಹಲ್ಲು ನೋಡುವುದು? ಸ್ಪ್ರಾಕೆಟ್ಟಿನ ಹಲ್ಲು ಆಚಾರ್ಯರು ಹೋದ ಯುಗಾದಿಗೇ ಬದಲಾಯಿಸಿದ್ದಾರೆ.

ಹಳೆಯದು ಯಾವುದೆಂದು ಹೇಳುವ ಲೆಕ್ಕಗಳು ಹಲವಿವೆ. ಮೊದಲನೆಯದು ಆರ್‌ಟಿಒ ಲೆಕ್ಕ. ನೋಂದಣಿಯ ಆಯಸ್ಸು 15 ವರ್ಷ. ಅದು ಮುಗಿದರೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಿಕೊಳ್ಳಬೇಕು, ಜೊತೆಗೆ ಕರ್ನಾಟಕದಲ್ಲಿ ದ್ವಿಚಕ್ರಕ್ಕೆ 250 ರೂಪಾಯಿ ಹಸಿರು ತೆರಿಗೆ. 2025ರಲ್ಲಿ ಕೇಂದ್ರದವರು ಇನ್ನೊಂದು ಮೆಟ್ಟಿಲು ಕಟ್ಟಿ, 20 ವರ್ಷ ದಾಟಿದ ಬೈಕುಗಳ ನವೀಕರಣ ಶುಲ್ಕವನ್ನು 2,000 ರೂಪಾಯಿ ಮಾಡಿದರು. ಆರ್‌ಟಿಒ ಕಚೇರಿಯ ಕಿಟಕಿಯ ಎದುರು ಆಚಾರ್ಯರ ವಾದ ಏನೆಂದರೆ ಬೈಕು ಹಳೆಯದೇ ಅಲ್ಲ. "ಹೊಸ ಪಿಸ್ಟನ್, ಹೊಸ ಬ್ಲಾಕು, ಹೊಸ ಕ್ಲಚ್ ಪ್ಲೇಟು. ಹೋದ ತಿಂಗಳು ಹುಟ್ಟಿದ ಕೂಸು ಸಾರ್ ಇದು!" ತಪಾಸಣೆಯ ದಿನ ಮಾತ್ರ ಕೂಸಿಗೆ ಮೂಲ ಸೈಲೆನ್ಸರ್, ಮೂಲ ಹ್ಯಾಂಡಲ್, ಕನ್ನಡಿ, ಇಂಡಿಕೇಟರ್ ಎಲ್ಲ ಹಾಕಿ, ಹಣೆಗೆ ಹೆಡ್‌ಲೈಟು ಇಟ್ಟು ಕರೆದುಕೊಂಡು ಹೋಗಿರುತ್ತಾರೆ. ಮನೆಗೆ ಬಂದ ಅರ್ಧ ಗಂಟೆಯಲ್ಲಿ ಎಲ್ಲ ಬಿಚ್ಚಿಟ್ಟಾಗಿರುತ್ತದೆ.

ಎರಡನೆಯದು ವಿಂಟೇಜ್ ಲೆಕ್ಕ. 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನವನ್ನು ವಿಂಟೇಜ್ ಎಂದು ಕರೆದರು. ನಂಬರಿನಲ್ಲಿ ವಿಎ ಎಂಬ ಅಕ್ಷರ, ನೋಂದಣಿಗೆ 20,000 ರೂಪಾಯಿ, ಮೇಲಾಗಿ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಆರ್‌ಎಕ್ಸ್ 100 ಈ ದೇಶಕ್ಕೆ ಬಂದದ್ದು 1985ರಲ್ಲಿ. ಮೊಟ್ಟಮೊದಲ ಗಾಡಿಗೂ ಈ ಪದವಿ ಸಿಗುವುದು 2035ಕ್ಕೆ. ಇದನ್ನು ಹೇಳುವಾಗ ಆಚಾರ್ಯರ ಮೂಗು ಕೆಂಪಾಗುತ್ತದೆ.

"ಹದಿನೈದಕ್ಕೇ ಮುದುಕ ಅಂತ ತೆರಿಗೆ ಹಾಕ್ತಾರೆ. ಮುದುಕನಿಗೆ ಕೊಡೋ ಮರ್ಯಾದೆ ಮಾತ್ರ ಐವತ್ತಕ್ಕಂತೆ! ನಡುವಿನ ಮೂವತ್ತೈದು ವರ್ಷ ಏನ್ ಸಾರ್ ಮಾಡ್ಬೇಕು ಅದು?"

ಪ್ರಶ್ನೆಯಲ್ಲಿ ನ್ಯಾಯವಿದೆ. ಆಚಾರ್ಯರ ಸ್ವಂತ ಸ್ಥಿತಿಯೂ ಅದೇ: ಕಾರ್ಖಾನೆಯವರು 58ಕ್ಕೆ ಹಾರ ಹಾಕಿ ಮನೆಗೆ ಕಳಿಸಿದರು, ಹಿರಿಯ ನಾಗರಿಕರ ಕಾರ್ಡು ಕೇಳಿದರೆ 60 ಆಗಲಿ ಅಂದರು. ಆ ಎರಡು ವರ್ಷದಲ್ಲೇ ಗೋಣಿಚೀಲಗಳು ಮನೆಗೆ ಬಂದದ್ದು.

ಇನ್ನು ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವೊಂದಿದೆ, ಫೀವಾ. ಅವರ ಲೆಕ್ಕ 30 ವರ್ಷ. ಆಚಾರ್ಯರಿಗೆ ಈ ಅಂಕಿ ಬಹಳ ಹಿಡಿಸುತ್ತದೆ, ಏಕೆಂದರೆ ಆರ್‌ಎಕ್ಸ್ 100ರ ಉತ್ಪಾದನೆ 1996ಕ್ಕೆ ನಿಂತಿತು, ಎಂಥ ಕಡೇ ಮಾಲೂ ಇಷ್ಟು ಹೊತ್ತಿಗೆ ಆ ಗೆರೆಯ ಹತ್ತಿರ ಬಂದಿರುತ್ತದೆ. ಆದರೆ ಅವರೂ ಮೂಲ ರೂಪ ಬೇಕು ಅನ್ನುತ್ತಾರೆ. ಈ ಮೂಲ ರೂಪ ಎಂಬ ಮಾತು ಬಂದಾಗಲೆಲ್ಲ ಆಚಾರ್ಯರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಇವರ ಬೈಕಿನಲ್ಲಿ ಬ್ಲಾಕು ಆರ್‌ಎಕ್ಸ್ 135ರದು. ಪಿಸ್ಟನ್ ಜೆ.ಸಿ. ರಸ್ತೆಯದು. ಹಿಂದಿನ ಶಾಕ್‌ಅಬ್ಸಾರ್ಬರ್ ಯಾವುದೋ ಶೋಗನ್ನಿನದು. ಸೈಲೆನ್ಸರಿನ ಚೇಂಬರ್ ಪೀಣ್ಯ ಎರಡನೇ ಹಂತದ ಶೀಟ್ ಮೆಟಲ್ ಗೆಳೆಯನ ಕೈಕೆಲಸ. ಉಳಿದದ್ದು ಚಾಸಿ, ಅದಕ್ಕೂ ಎರಡು ಕಡೆ ವೆಲ್ಡಿಂಗ್. ಹಾಗಾದರೆ ಇದರಲ್ಲಿ ಹಳೆಯದು ಯಾವುದು ಎಂದು ನಾನೊಮ್ಮೆ ಕೇಳಿದೆ. ಆಚಾರ್ಯರು ಸಿಟ್ಟಾಗಲಿಲ್ಲ.

"ಸಾರ್, ನಮ್ಮೂರ ದೇವಸ್ಥಾನ ಚೋಳರ ಕಾಲದ್ದು ಅಂತೀವಿ. ನೆಲಕ್ಕೆ ಗ್ರಾನೈಟು, ಗೋಡೆಗೆ ಟೈಲ್ಸು, ಗೋಪುರಕ್ಕೆ ಮೊನ್ನೆ ಪೇಂಟು, ಬಾಗಿಲಿಗೆ ಸ್ಟೀಲು. ಆದ್ರೂ ಚೋಳರ ಕಾಲದ್ದೇ ತಾನೆ? ಒಳಗಿನ ಮೂರ್ತಿ ಮುಖ್ಯ ಸಾರ್. ನಂದು ಚಾಸಿ ನಂಬರು. ಮಿಕ್ಕಿದ್ದೆಲ್ಲ ಜೀರ್ಣೋದ್ಧಾರ."

ಬೆಂಗಳೂರಿನ ಯಾವ ಧರ್ಮದರ್ಶಿಯೂ ಇದಕ್ಕೆ ಎದುರಾಡಲಾರ.

ಆದರೆ ಗೋಣಿಚೀಲದ ಬೈಕಿಗೆ ಈ ಯಾವ ಲೆಕ್ಕವೂ ಹತ್ತುವುದಿಲ್ಲ. ಅಸಲಿ ಮೋಟೊಕ್ರಾಸ್ ಬೈಕಿಗೆ ಹೆಡ್‌ಲೈಟಿಲ್ಲ, ಹಾರ್ನಿಲ್ಲ, ಆದ್ದರಿಂದ ನೋಂದಣಿಯಿಲ್ಲ, ಆದ್ದರಿಂದ ಹುಟ್ಟಿದ ತಾರೀಖಿಗೆ ದಾಖಲೆಯಿಲ್ಲ. ಮೈಲಿ ತೋರಿಸುವ ಮೀಟರೂ ಇಲ್ಲ. ರೇಸಿನವರು ಇವುಗಳ ವಯಸ್ಸನ್ನು ಎಂಜಿನ್ ಓಡಿದ ಗಂಟೆಗಳಲ್ಲಿ ಎಣಿಸುತ್ತಾರೆ. ಇಷ್ಟು ಗಂಟೆಗೆ ರಿಂಗು, ಇಷ್ಟು ಗಂಟೆಗೆ ಪಿಸ್ಟನ್. ಈ ಪ್ರಕಾರ ಒಂದು ಸೀಸನ್ ಮಣ್ಣು ಕಂಡದ್ದು ಮುದಿಯಾಗಿರಬಹುದು, ಮೂವತ್ತು ವರ್ಷ ಚೀಲದಲ್ಲಿದ್ದದ್ದು ಬ್ರಹ್ಮಚಾರಿಯಾಗಿಯೇ ಉಳಿದಿರಬಹುದು. ಆಚಾರ್ಯರ ಹೆಂಡತಿ ಈ ಕೊನೆಯ ಲೆಕ್ಕವನ್ನು ಕೇಳಿ, "ಹಾಗಾದ್ರೆ ನಾನು ಅಟ್ಟದ ಮೇಲಿಟ್ಟಿರೋ ಒರಳುಕಲ್ಲೂ ಹೊಸದೇ" ಅಂದರು.

ಹೊರದೇಶದ ಹಳೆಯ ಡರ್ಟ್ ಬೈಕ್ ರೇಸುಗಳಲ್ಲಿ ಇನ್ನೊಂದು ಬಗೆಯಿದೆ, ನನಗೆ ಅದೇ ಎಲ್ಲಕ್ಕಿಂತ ಜಾಣತನದ್ದೆನಿಸುತ್ತದೆ. ಅಲ್ಲಿ 1965ಕ್ಕೆ ಮುಂಚಿನದು, 1974ರವರೆಗಿನದು ಎಂದೆಲ್ಲ ಇಸವಿಯ ವರ್ಗಗಳಿವೆ. ಅವುಗಳ ಆಚೆಗೆ ಇವೊ ಎಂಬ ಒಂದು ವರ್ಗವಿದೆ, ಅಲ್ಲಿ ಇಸವಿಯನ್ನು ಕಟ್ಟಿಟ್ಟು ಮೈಲಕ್ಷಣ ನೋಡುತ್ತಾರೆ. ಎಂಜಿನ್ ಗಾಳಿಯಿಂದಲೇ ತಣ್ಣಗಾಗಬೇಕು, ರೇಡಿಯೇಟರ್ ಇರಬಾರದು. ಬ್ರೇಕು ಎರಡೂ ಡ್ರಮ್ ಆಗಿರಬೇಕು. ಹಿಂದಿನ ಸಸ್ಪೆನ್ಷನ್ನಿಗೆ ಲಿಂಕೇಜು ಇರಬಾರದು. ಏಕೆ ಈ ಮೂರೇ? ಯಮಹಾ 1975ರಲ್ಲಿ ತನ್ನ ವೈಝಡ್ ಮೋಟೊಕ್ರಾಸ್ ಬೈಕುಗಳಿಗೆ ಎರಡು ಶಾಕ್‌ಗಳ ಬದಲು ಒಂದನ್ನೇ ಹಾಕಿತು. 1981ರಲ್ಲಿ ಸುಜುಕಿ ಲಿಂಕೇಜು ತಂದಿತು, ಅದೇ ವರ್ಷ ಯಮಹಾದ 125ಕ್ಕೆ ನೀರು ಬಂತು. ಹಿಂದೆಯೇ ಮುಂದಿನ ಚಕ್ರಕ್ಕೆ ಡಿಸ್ಕು. ಹತ್ತು ವರ್ಷದೊಳಗೆ ಮಣ್ಣಿನ ಬೈಕಿನ ಜಾತಕವೇ ಬದಲಾಯಿತು. ಆ ಬದಲಾವಣೆಯ ಹಿಂದೆ ನಿಂತದ್ದು ಹಳೆಯದು, ಮುಂದೆ ನಿಂತದ್ದು ಹೊಸದು. ಕ್ಯಾಲೆಂಡರಿನ ಹಂಗಿಲ್ಲ.

ಈ ನಿಯಮವನ್ನು ಆಚಾರ್ಯರಿಗೆ ವಿವರಿಸಿದವನು ಪಕ್ಕದ ಅಪಾರ್ಟ್‌ಮೆಂಟಿನ ಸಾಫ್ಟ್‌ವೇರ್ ಹುಡುಗ. ಆಚಾರ್ಯರು ಬೆರಳು ಮಡಚಿದರು. ಗಾಳಿ ಎಂಜಿನ್ನು, ಹೌದು. ಡ್ರಮ್ ಬ್ರೇಕು, ಹೌದು. ಹಿಂದೆ ಲಿಂಕೇಜಿಲ್ಲದ ಎರಡು ಶಾಕು, ಹೌದು. ಮಡಚಿದ ಮೂರು ಬೆರಳನ್ನೂ ನೋಡುತ್ತ ಕೂತರು. ಅಂದರೆ 1985ರಲ್ಲಿ ನಾವು ಬಾಯಿಬಿಟ್ಟುಕೊಂಡು ನೋಡಿದ ಆರ್‌ಎಕ್ಸ್, ಶೋರೂಮಿನಿಂದ ಹೊರಬಿದ್ದ ದಿನವೇ ಮಣ್ಣಿನವರ ಲೆಕ್ಕದಲ್ಲಿ ಹಳೆಯದಾಗಿತ್ತು! ಹುಟ್ಟುತ್ತಲೇ ಅಜ್ಜ. ಬೇರೆ ಯಾರಾದರೂ ಆಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಆಚಾರ್ಯರು ಎರಡು ದಿನ ಯೋಚಿಸಿ, ಮೂರನೇ ದಿನ ದರ್ಶಿನಿಯ ಮುಂದೆ ಬೈಟು ಕಾಫಿ ಹಿಡಿದು ಘೋಷಿಸಿದರು: "ಅದಕ್ಕೇ ನೋಡಿ, ನಮ್ಮ ಗಾಡಿಗೆ ವಯಸ್ಸೇ ಆಗಲ್ಲ. ಆಗೋದೆಲ್ಲ ಹುಟ್ಟೋಕೆ ಮುಂಚೇನೇ ಆಗಿಹೋಗಿದೆ."

ಟೂ ಸ್ಟ್ರೋಕ್ ಎಂಬುದೇ ಹಳೆಯದು, ಇಸವಿ ಯಾಕೆ ಬೇಕು ಅನ್ನುವವರೂ ಇದ್ದಾರೆ. 1998ರ ಮಾದರಿಯಾಗಿ ಯಮಹಾದ ಫೋರ್ ಸ್ಟ್ರೋಕ್ ವೈಝಡ್400ಎಫ್ ಬಂದಮೇಲೆ ಮೋಟೊಕ್ರಾಸಿನ ಗಾಳಿ ಆ ಕಡೆ ತಿರುಗಿತು. ನಮ್ಮ ರಸ್ತೆಗಳಲ್ಲಿ ಕೆಲಸ ಮುಗಿಸಿದ್ದು ಹೊಗೆಯ ನಿಯಮಗಳು. ಕ್ರ್ಯಾಂಕಿನ ಒಂದೊಂದು ಸುತ್ತಿಗೂ ಬೆಂಕಿ ಹೊತ್ತಿಸುವ ಈ ಯಂತ್ರ ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುತ್ತದೆ, ಸುಡದ ಪೆಟ್ರೋಲನ್ನೂ ಹೊರಗೆ ಚೆಲ್ಲುತ್ತದೆ. ಆರ್‌ಎಕ್ಸ್ 135 ಕೂಡ 2005ರ ಸುಮಾರಿಗೆ ಮುಗಿಯಿತು. ಆದರೆ ವಿದೇಶದಲ್ಲಿ ಟೂ ಸ್ಟ್ರೋಕ್ ಸತ್ತಿಲ್ಲ. ಯಮಹಾ ಇವತ್ತೂ ವೈಝಡ್125 ಮಾರುತ್ತಿದೆ, ಕೆಟಿಎಂ ಟೂ ಸ್ಟ್ರೋಕಿಗೆ ಫ್ಯೂಯಲ್ ಇಂಜೆಕ್ಷನ್ ಜೋಡಿಸಿ ಮಾರುತ್ತಿದೆ. ಈ ಸುದ್ದಿಯನ್ನು ಆಚಾರ್ಯರು ಅಮೆರಿಕದಲ್ಲಿರುವ ಮಗನ ಸುದ್ದಿ ಹೇಳುವ ಗತ್ತಿನಲ್ಲಿ ಹೇಳುತ್ತಾರೆ. ಒಮ್ಮೆ ಮಾತ್ರ ಮುಖಭಂಗವಾಯಿತು. ಬಿಗ್ ಬಾಸಿನಿಂದ ಮನೆಮಾತಾದ ಉಡುಪಿಯ ಕೆ.ಪಿ. ಅರವಿಂದ್ 2019ರ ಡಕಾರ್ ರ‍್ಯಾಲಿ ಮುಗಿಸಿದ್ದು ಯಾವುದರಲ್ಲಿ ಎಂದು ಹುಡುಗರು ಕೇಳಿದರು. ಅದಕ್ಕೂ ಮುಂಚೆ, 2015ರಲ್ಲಿ, ಆ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಓಡಿಸಿದ್ದು ಯಾವುದು? ಎರಡೂ ಫೋರ್ ಸ್ಟ್ರೋಕು. ಆವತ್ತು ಆಚಾರ್ಯರು ಕಾಫಿ ಪೂರ್ತಿ ಕುಡಿಯಲಿಲ್ಲ.

ಇವರ ವ್ಯಾಪಾರಬುದ್ಧಿಯನ್ನು ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಬೆಳಿಗ್ಗೆ ನೆಲಮಂಗಲದ ಆಚೆ ಯಾರದೋ ಕೊಟ್ಟಿಗೆಯಲ್ಲಿ ಕೋಳಿ ಮೊಟ್ಟೆಯಿಡುವ ಸೀಟಿನ ಒಂದು ಆರ್‌ಎಕ್ಸ್ ಇದೆಯೆಂದು ತಿಳಿಯುತ್ತದೆ. ಆಚಾರ್ಯರು ಅಲ್ಲಿ ನಿಂತು, ಮೂಗು ಮುರಿದು, "ಏನ್ ಗೌಡ್ರೇ, ಹಳೇ ಕಾಲದ ಗಾಡಿ, ಗುಜರಿಯವನೂ ಮುಟ್ಟಲ್ಲ. ಕೋಳಿಗೆ ಬೇರೆ ಗೂಡು ಮಾಡ್ಕೊಡ್ತೀನಿ, ತೂಕದ ರೇಟಿಗೆ ಕೊಡಿ" ಅನ್ನುತ್ತಾರೆ. ಸಂಜೆ ವೈಟ್‌ಫೀಲ್ಡಿನಿಂದ ಮೆಟ್ರೊ ಹತ್ತಿ ಬಂದ ಹುಡುಗನೊಬ್ಬ ನಾಗಸಂದ್ರದಲ್ಲಿ ಇಳಿದು, ಐಕಿಯಾ ಮುಂದೆ ನಿಂತು ಫೋನ್ ಮಾಡುತ್ತಾನೆ. ಅದೇ ಗಾಡಿ, ಕೋಳಿಪುಕ್ಕ ಇನ್ನೂ ಅಂಟಿಕೊಂಡಿದೆ.

"ವಿಂಟೇಜ್ ಪೀಸ್ ಬ್ರೋ. ಜಪಾನ್ ಎಂಜಿನ್. ಇಂಥದು ಇನ್ನು ಹುಟ್ಟಲ್ಲ."

"ಕಂಡೀಷನ್ ಹೇಗಿದೆ ಅಂಕಲ್?"

"ಹೊಸದರ ಥರ ಇದೆ."

ಒಂದೇ ಗಾಡಿ ಒಂದೇ ದಿನದಲ್ಲಿ ಗುಜರಿ, ಪುರಾತನ, ಹೊಸದು ಮೂರೂ ಆಯಿತು. ಚೆನ್ನಾಗಿ ಜೀರ್ಣೋದ್ಧಾರವಾದ ಆರ್‌ಎಕ್ಸ್ 100ರ ಬೆಲೆ ಈಗ ಲಕ್ಷ ದಾಟಿದೆ, ಹಾಗಾಗಿ ಆಚಾರ್ಯರ ವಿದ್ವತ್ತಿಗೆ ಒಂದು ಆರ್ಥಿಕ ತಳಹದಿಯೂ ಇದೆ. ಸ್ವಂತ ಗಾಡಿಗೆ ಮಾತ್ರ ಬೆಲೆ ಹೇಳಲು ಬಾಯೇ ಬರುವುದಿಲ್ಲ.

ಇಂಥವರ ಗರ್ವಭಂಗಕ್ಕೆಂದೇ ಮೈಸೂರಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಮೊದಲ ಜಾವಾಗಳು ಹೊರಬಿದ್ದವು, ಆಮೇಲೆ ಯೆಜ್ಡಿಯಾದವು, 1996ರಲ್ಲಿ ಬಾಗಿಲು ಮುಚ್ಚಿತು. ಎಲ್ಲವೂ ಟೂ ಸ್ಟ್ರೋಕು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಆ ಗಾಡಿಗಳವರು ಬೆಂಗಳೂರಿನಲ್ಲಿ ಒಟ್ಟುಗೂಡುತ್ತಾರೆ. ಆಚಾರ್ಯರು ಒಂದು ವರ್ಷ ಬಟನ್ ಟೈರಿನ ಆರ್‌ಎಕ್ಸ್ ಏರಿ, ರೀಂಯ್ ಎನ್ನಿಸಿಕೊಂಡು ಅಲ್ಲಿಗೆ ಹೋದರು. ಬಿಳಿ ಮೀಸೆಯ ಯಜಮಾನರೊಬ್ಬರು ತಮ್ಮ ಜಾವಾದ ಟ್ಯಾಂಕ್ ಒರೆಸುತ್ತ, ತಲೆಯೆತ್ತದೆ, "ಯಮಹಾನಾ? ಅದು ಮೊನ್ನೆ ಬಂದದ್ದಲ್ವಾ?" ಅಂದರು. 1961ರ ಜಾವಾ 50 ವರ್ಷವನ್ನು 2011ಕ್ಕೇ ದಾಟಿಯಾಗಿದೆ. ನಾಗಸಂದ್ರಕ್ಕೆ ವಾಪಸು ಬರುವಾಗ ಗಾಡಿಯ ಸದ್ದು ಸ್ವಲ್ಪ ಕಡಿಮೆಯಿತ್ತೆಂದು ಬೀದಿಯವರು ಹೇಳುತ್ತಾರೆ.

ಭಾನುವಾರ ಬೆಳಗಿನ ಸವಾರಿಯಂತೂ ನೋಡುವಂಥದ್ದು. ಐದೂಮುಕ್ಕಾಲಕ್ಕೆ ಟಣ್ ಟಣ್ ಟಣ್ ಶುರು. ನೀಲಿ ಹೊಗೆ ಮೊದಲು ಎದುರುಮನೆಯ ಸಂಡಿಗೆಯ ಮೇಲೆ, ಆಮೇಲೆ ಮಹಡಿಯ ಪ್ರಾಣಾಯಾಮದ ಮೇಲೆ ಹಾಯುತ್ತದೆ. "ಟೂ ಟಿ ಆಯಿಲ್ ವಾಸನೆ ಸಾರ್, ಏನೂ ಮಾಡಲ್ಲ" ಎಂದು ಸಮಾಧಾನ ಹೇಳುತ್ತಾರೆ. ಮಹಡಿಯವರು ಇನ್ನೂ ಕುಂಭಕದಲ್ಲೇ ಇರುತ್ತಾರೆ. ಹೆಸರಘಟ್ಟದ ಹುಲ್ಲುಗಾವಲಿಗೆ ಈಗ ಚಕ್ರ ಇಳಿಸುವುದಿಲ್ಲ. ಅದು ಸಂರಕ್ಷಣಾ ಮೀಸಲು ಪ್ರದೇಶ, ಹಕ್ಕಿಗಳದ್ದು. ಹಕ್ಕಿ ಫೋಟೊ ತೆಗೆಯುವವರ ಬಾಯಿ ಹಕ್ಕಿಗಳ ಬಾಯಷ್ಟು ಇಂಪಲ್ಲ ಎಂಬುದೂ ಒಂದು ಕಾರಣ. ಹಾಗಾಗಿ ಯಾವುದೋ ಮಾರಾಟವಾಗದ ಲೇಔಟಿನ ಮಣ್ಣುಗುಡ್ಡೆಯೇ ಇವರ ಹಿಮಾಲಯ. ಅಲ್ಲಿ ಹೊಸ ಅಡ್ವೆಂಚರ್ ಬೈಕಿನ ಹುಡುಗರು, ಮೊಣಕಾಲಿಗೆ ಕವಚ, ತಲೆಯ ಮೇಲೆ ಕ್ಯಾಮೆರಾ, ಬಟನ್ ಒತ್ತಿದರೆ ಸ್ಟಾರ್ಟು. ಆಚಾರ್ಯರು ಪ್ಯಾಂಟನ್ನು ಕಾಲ್ಚೀಲದೊಳಗೆ ತುರುಕಿ ತಮ್ಮ ಕುದುರೆಯನ್ನು ಗುಡ್ಡಕ್ಕೆ ಬಿಡುತ್ತಾರೆ. ಹತ್ತುವುದು ಖಂಡಿತ. ಇಳಿಯುವುದು ಕೆಲವು ಸಲ ಬೇರೆ ಬೇರೆಯಾಗಿ, ಗಾಡಿ ಒಂದು ಕಡೆ ಇವರೊಂದು ಕಡೆ.

ಇವರೊಂದು ಕಡೆ ಇಳಿದ ಅಂಥದೊಂದು ಭಾನುವಾರ ಬಲಮೊಣಕಾಲು ಊದಿತು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಸವೆದಿದೆ, ಇನ್ನು ಈ ಕಾಲಲ್ಲಿ ಕಿಕ್ ಹೊಡೆಯಬೇಡಿ ಅಂದರು. ಆರ್‌ಎಕ್ಸಿಗೆ ಸೆಲ್ಫ್ ಸ್ಟಾರ್ಟ್ ಇಲ್ಲ. ಮನೆಗೆ ಬಂದಮೇಲೆ ಆಚಾರ್ಯರ ಹೆಂಡತಿ ಸೀರೆ ಸರಿಸಿ ಬೈಕನ್ನೊಮ್ಮೆ, ಇವರ ಮೊಣಕಾಲನ್ನೊಮ್ಮೆ ನೋಡಿ ತೀರ್ಪು ಕೊಟ್ಟರು:

"ರೀ, ಆರ್‌ಟಿಒನೂ ಬೇಡ, ಫಾರಿನ್ ಲೆಕ್ಕಾನೂ ಬೇಡ. ನಿಮ್ಮ ಕೈಲಿ ಕಿಕ್ ಹೊಡೆಯೋಕೆ ಆಗಲ್ಲ ಅಂದ್ರೆ ಅದು ಹಳೇದಾಯ್ತು. ಮಾರಿ."

ಇಷ್ಟು ದಿನ ಕೇಳಿದ ವ್ಯಾಖ್ಯೆಗಳಲ್ಲಿ ಇದಕ್ಕಿಂತ ಸರಿಯಾದದ್ದು ನನಗೆ ಸಿಕ್ಕಿಲ್ಲ. ಆಚಾರ್ಯರಿಗೂ ಸಿಕ್ಕಿಲ್ಲವೆಂದು ಕಾಣುತ್ತದೆ, ಏಕೆಂದರೆ ಅವರು ಇದಕ್ಕೆ ವಾದ ಹೂಡಲಿಲ್ಲ. ಒಂದು ತಿಂಗಳು ಗಾಡಿಯ ಬಲಬದಿಗೆ ನೆಲದ ಮೇಲೆ ನಿಂತುಕೊಂಡು, ಎಡಗಾಲಲ್ಲಿ ಕಿಕ್ ಹೊಡೆಯುವುದನ್ನು ಅಭ್ಯಾಸ ಮಾಡಿದರು. ಈಗ ಮೂರನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಆದ್ದರಿಂದ, ಹೆಂಡತಿಯ ಲೆಕ್ಕದಲ್ಲೇ, ಬೈಕು ಇನ್ನೂ ಹಳೆಯದಾಗಿಲ್ಲ. ಎಡಮೊಣಕಾಲಿನ ಎಕ್ಸ್‌ರೇ ತೆಗೆಸಲು ಮಾತ್ರ ಖಡಾಖಂಡಿತವಾಗಿ ಒಪ್ಪುತ್ತಿಲ್ಲ.

ನಾಗಸಂದ್ರದ ಕಡೆ ಬಂದು, ಯಾರಾದರೂ ಬೈಕಿನ ಪಕ್ಕ ಒಂಟಿಕಾಲಲ್ಲಿ ನಿಂತಿರುವುದು ಕಂಡರೆ, ದಯವಿಟ್ಟು ವಯಸ್ಸು ಕೇಳಬೇಡಿ, ಅವರದೂ ಬೇಡ, ಗಾಡಿಯದೂ ಬೇಡ. ರೇಟು ಕೇಳಬೇಡಿ. ಒಂದು ರೌಂಡ್ ಕೊಡ್ತೀರಾ ಅಂತಂತೂ ಕೇಳಲೇಬೇಡಿ. "ಬೋರ್ ಎಷ್ಟು ಸಾರ್?" ಎಂದು ಕೇಳಿ, ಕಾಫಿ ಅವರೇ ಕೊಡಿಸುತ್ತಾರೆ. ಬಿಳಿ ಅಂಗಿ ತೊಟ್ಟಿದ್ದರೆ ಸೈಲೆನ್ಸರಿನ ಹಿಂದೆ ಮಾತ್ರ ನಿಲ್ಲಬೇಡಿ.